ಉಲ್ಲೇಖ ಪಟ್ಟಿಯ ಕೊನೆಯ ಸಾಲು

(ಕಂಪ್ಯೂಟರ್ ವಿಜ್ಞಾನದ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪ್ರತಿ ವರ್ಷ ಪ್ರಾಜೆಕ್ಟಿನ ವಿಷಯ ಆರಿಸುವ ಹೊತ್ತು ಬಂದಾಗ ನನ್ನ ಕೋಣೆಯ ಬಾಗಿಲಲ್ಲಿ ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ. "ಮೇಡಂ, ಈಗ ಯಾವುದು ನಡೀತಿದೆ? ಯಾವ ಟೆಕ್ನಾಲಜಿ ತಗೊಂಡ್ರೆ ಒಳ್ಳೇದು?" ಕೆಲವು ವರ್ಷ ಅದಕ್ಕೆ ಉತ್ತರ ಬ್ಲಾಕ್‌ಚೈನ್ ಆಗಿತ್ತು. ಈಗ ಕೃತಕ ಬುದ್ಧಿಮತ್ತೆ. ಅದರ ಬೆನ್ನಿಗೇ ಕ್ವಾಂಟಂ ಬಂದು ನಿಂತಿದೆ. ಕೇಳುವವರ ಮುಖದಲ್ಲಿ ಕುತೂಹಲಕ್ಕಿಂತ ಆತಂಕವೇ ಹೆಚ್ಚು ಕಾಣುತ್ತದೆ. ಜಗತ್ತು ಎಲ್ಲೋ ಮುಂದೆ ಓಡುತ್ತಿದೆ, ನಾವು ಮಾತ್ರ ತರಗತಿಯಲ್ಲಿ ಕೂತು ಹ್ಯಾಶ್ ಟೇಬಲ್, ಮ್ಯಾಟ್ರಿಕ್ಸ್, ಸಂಭವನೀಯತೆ ಅಂತ ಹಳೇ ಪಾಠ ಒಪ್ಪಿಸುತ್ತಿದ್ದೇವೆ ಎಂಬ ಆತಂಕ.

ಆ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅದರೊಳಗೊಂದು ತಪ್ಪು ತಿಳಿವಳಿಕೆ ಅಡಗಿದೆ. ಹೊಸ ತಂತ್ರಜ್ಞಾನ ನಿಮ್ಮ ಪಠ್ಯದ ಆಚೆ ಎಲ್ಲೋ ಇದೆ ಎಂದು ನೀವು ನಂಬಿದ್ದೀರಿ. ಅದರ ಒಳಕ್ಕೆ ಹೋಗುವ ದಾರಿ ಬಹುಪಾಲು ನಿಮ್ಮ ಎರಡನೇ ವರ್ಷದ ಪಠ್ಯದಲ್ಲೇ ಇದೆ ಎಂಬುದು ನನ್ನ ಅನುಭವ. ಬರೀ ಬಾಯಿಮಾತಿನಲ್ಲಿ ಹೇಳಿದರೆ ಇದು ಉಪದೇಶವಾಗುತ್ತದೆ. ಒಂದು ಪೇಪರ್ ಬಿಡಿಸಿಯೇ ತೋರಿಸುತ್ತೇನೆ.

2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಒಂದು ಪೇಪರ್ ಅಂತರಜಾಲಕ್ಕೆ ಬಂತು. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಹುಟ್ಟಿದ್ದು ಅದರಿಂದ. ಆಮೇಲೆ ಜಗತ್ತೆಲ್ಲ ಬ್ಲಾಕ್‌ಚೈನ್ ಎಂದು ಕರೆದದ್ದಕ್ಕೂ ಅದೇ ಮೂಲ. ಇಡೀ ಪೇಪರ್ 9 ಪುಟ. ನೀವು ಮೊದಲ ಪುಟ ಬಿಟ್ಟು ನೇರವಾಗಿ ಕೊನೆಯ ಪುಟಕ್ಕೆ ಹೋಗಿ. ಉಲ್ಲೇಖ ಪಟ್ಟಿಯಲ್ಲಿ ಇರುವುದು ಎಂಟೇ ಸಾಲು. ಅವುಗಳಲ್ಲಿ ಮೂರು, ಡಿಜಿಟಲ್ ದಾಖಲೆಗೆ ಕಾಲಮುದ್ರೆ ಹಾಕುವುದು ಹೇಗೆಂದು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟಾ 1990ರ ದಶಕದಲ್ಲಿ ಮಾಡಿದ ಕೆಲಸಕ್ಕೆ ಸೇರಿದವು. ಅದರಲ್ಲಿ ಮೊದಲನೆಯದು 1991ರದು. ಇನ್ನೊಂದು ರಾಲ್ಫ್ ಮರ್ಕಲ್ ಅವರ 1980ರ ಪೇಪರ್. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೊಸದೆಂದರೆ 2002ರದು. ಎಂಟನೆಯ, ಕೊನೆಯ ಸಾಲು ನೋಡಿ: ವಿಲಿಯಂ ಫೆಲ್ಲರ್, 1957. ಅದು ಸಂಭವನೀಯತೆಯ ಪಠ್ಯಪುಸ್ತಕ. ಬಿಟ್‌ಕಾಯಿನ್‌ಗೂ ಅದಕ್ಕೂ ನಡುವೆ ಅರ್ಧ ಶತಮಾನ ಇದೆ. ಇಡೀ ಜಗತ್ತು ಹೊಸತು ಎಂದು ಬೆರಗಾದ ಪೇಪರ್ ಕೊನೆಗೆ ಹೋಗಿ ಕೈಚಾಚಿದ್ದು ನಿಮ್ಮ ಹಾಗೆ ಪದವಿ ಓದುವವರ ಪುಸ್ತಕಕ್ಕೆ.

ಯಾಕೆ ಕೈಚಾಚಿತು? ಹನ್ನೊಂದನೇ ವಿಭಾಗದಲ್ಲಿ ಒಂದು ಲೆಕ್ಕ ಇದೆ. ಒಬ್ಬ ಮೋಸಗಾರನ ಬಳಿ ಇಡೀ ಜಾಲದ ಗಣನಾ ಶಕ್ತಿಯಲ್ಲಿ ಶೇಕಡ 10 ಇದೆ ಅಂದುಕೊಳ್ಳಿ. ಹಣ ಪಡೆದವರು ತಮ್ಮ ವ್ಯವಹಾರದ ಮೇಲೆ ಇನ್ನೂ ಕೆಲವು ಬ್ಲಾಕ್, ಅಂದರೆ ವ್ಯವಹಾರಗಳ ಕಂತೆ, ಸರಪಳಿಗೆ ಸೇರಲಿ ಅಂತ ಕಾಯುತ್ತಾರೆ. ಅಷ್ಟರಲ್ಲಿ ಮೋಸಗಾರ, ತಾನು ಕೊಟ್ಟ ಹಣ ಕೊಟ್ಟೇ ಇಲ್ಲ ಎಂದಾಗಿಸಲು, ಗುಟ್ಟಾಗಿ ತನ್ನದೇ ಬೇರೆ ಸರಪಳಿ ಕಟ್ಟುತ್ತಾ, ಪ್ರಾಮಾಣಿಕರ ಸರಪಳಿಯನ್ನು ಸರಿಗಟ್ಟಲು ನೋಡುತ್ತಾನೆ. ಅವನು ಗೆಲ್ಲುವ ಸಂಭವ ಎಷ್ಟು? ಸಂಭವನೀಯತೆಯಲ್ಲಿ ಇದು ಜೂಜುಕೋರನ ದಿವಾಳಿ ಎಂಬ ಹಳೆಯ ಲೆಕ್ಕದ ತಮ್ಮ. ಪೇಪರಿನಲ್ಲೇ ಇಪ್ಪತ್ತು ಸಾಲಿಗೂ ಕಡಿಮೆಯ ಒಂದು ಸಿ ಪ್ರೋಗ್ರಾಂ ಕೊಟ್ಟಿದ್ದಾರೆ, ಅದರ ಉತ್ತರಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ. ಐದು ಬ್ಲಾಕ್ ಕಾದರೆ ಮೋಸಗಾರ ಗೆಲ್ಲುವ ಸಂಭವ 0.0009137. ಸಾವಿರಕ್ಕೆ ಒಂದಕ್ಕಿಂತ ಕಡಿಮೆ.

ಎರಡನೇ ವರ್ಷ ಮುಗಿಸಿದ್ದ ಒಬ್ಬ ವಿದ್ಯಾರ್ಥಿನಿಗೆ ನಾನು ಇಷ್ಟೇ ಹೇಳಿದ್ದೆ. ಹೊಸದೇನೂ ಮಾಡಬೇಡ, ಈ ಒಂದು ಪಟ್ಟಿಯನ್ನು ನಿನ್ನ ಕೈಯಾರೆ ಮತ್ತೆ ಹುಟ್ಟಿಸು. ಆಕೆ ಆ ಸಿ ಪ್ರೋಗ್ರಾಂ ಟೈಪ್ ಮಾಡಿ ಓಡಿಸಿದಳು. ಏಳು ದಶಮಾಂಶದವರೆಗೆ ಅಂಕಿ ಅಂಕಿಯೂ ಹೊಂದಿತು. ಅಲ್ಲಿಗೆ ಕೆಲಸ ಮುಗಿಯಿತು ಎನ್ನಬಹುದಿತ್ತು. ಆದರೆ ಸೂತ್ರವನ್ನು ನಕಲು ಮಾಡಿದ್ದಾಯಿತು, ಓಟವನ್ನೇ ಓಡಿಸಿ ನೋಡಿದರೆ ಹೇಗೆ ಎಂದು ಆಕೆಗೇ ಹೊಳೆಯಿತು. ಅದಕ್ಕೆ ಒಂದು ಪುಟ್ಟ ಸಿಮ್ಯುಲೇಷನ್ ಬರೆದಳು. ಪ್ರತಿ ಹೆಜ್ಜೆಗೂ ಒಂದು ಯಾದೃಚ್ಛಿಕ ಸಂಖ್ಯೆ. ಹತ್ತರಲ್ಲಿ ಒಂಬತ್ತು ಪಾಲು ಪ್ರಾಮಾಣಿಕರಿಗೆ ಬ್ಲಾಕ್, ಒಂದು ಪಾಲು ಮೋಸಗಾರನಿಗೆ. ಪ್ರಾಮಾಣಿಕರದು ಐದು ಆಗುವವರೆಗೆ ಓಡಿಸು, ಆಮೇಲೆ ಮೋಸಗಾರ ಸರಿಗಟ್ಟುತ್ತಾನೋ ನೋಡು. ತೀರಾ ಹಿಂದೆ ಬಿದ್ದರೆ ಬಿಟ್ಟುಬಿಡು. ಮೂವತ್ತು ಸಾಲಿನ ಕೆಲಸ.

ಮೊದಲು ಸಾವಿರ ಸಲ ಓಡಿಸಿದಳು. ಮೋಸಗಾರ ಎರಡು ಸಲ ಗೆದ್ದ. ಇನ್ನೊಮ್ಮೆ ಸಾವಿರ ಓಡಿಸಿದರೆ ಒಂದು ಸಲ. ಸಾವಿರಕ್ಕೆ ಸುಮಾರು ಒಂದು ಅಂತ ಪೇಪರ್ ಹೇಳುತ್ತದಲ್ಲ, ಸರಿಯಾಗೇ ಇದೆ ಅನ್ನಿಸಿತು. ಆಮೇಲೆ ಹತ್ತು ಲಕ್ಷ ಸಲ ಓಡಿಸಿದಳು. ಪೇಪರಿನ ಪ್ರಕಾರ 914ರ ಆಸುಪಾಸು ಬರಬೇಕು. ಬಂದದ್ದು 1,800ರ ಆಸುಪಾಸು. ಮತ್ತೆ ಓಡಿಸಿದಳು, ಮತ್ತೆ ಅಷ್ಟೇ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಮೇಡಂ, ನನ್ನ ಪ್ರೋಗ್ರಾಂನಲ್ಲಿ ಏನೋ ತಪ್ಪಿದೆ, ಎಲ್ಲಿ ಅಂತ ಸಿಗ್ತಾ ಇಲ್ಲ" ಅಂದಳು. ಕಣ್ಣು ನೋಡಿದರೆ ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ.

ಇಬ್ಬರೂ ಕೂತು ಆ ಮೂವತ್ತು ಸಾಲನ್ನು ಒಂದೊಂದಾಗಿ ಓದಿದೆವು. ತಪ್ಪಿರಲಿಲ್ಲ. ಹಾಗಾದರೆ ಪೇಪರನ್ನು ಓದೋಣ ಎಂದು ಹನ್ನೊಂದನೇ ವಿಭಾಗಕ್ಕೆ ಹೋದೆವು. ಗೊತ್ತಾದ ಸಮಯದಲ್ಲಿ ಒಂದು ಘಟನೆ ಎಷ್ಟು ಸಲ ಆಗಬಹುದೆಂದು ಹೇಳುವ ಪಾಯ್ಸಾನ್ ವಿತರಣೆ ಬರುವುದಕ್ಕೆ ತುಸು ಮುಂಚೆ ಒಂದು ಸಣ್ಣ ಮಾತು ಇದೆ. ಪ್ರಾಮಾಣಿಕರ ಬ್ಲಾಕ್‌ಗಳು ನಿರೀಕ್ಷಿತ ಸರಾಸರಿ ಸಮಯವನ್ನೇ ತೆಗೆದುಕೊಂಡವು ಎಂದಿಟ್ಟುಕೊಂಡರೆ, ಎಂಬ ಅರ್ಥದ ಮಾತು. ನಾನು ಬೆರಳಿಟ್ಟು ತೋರಿಸುವ ಮೊದಲೇ ಆಕೆ ಅಲ್ಲಿ ನಿಂತುಬಿಟ್ಟಳು. "ಸರಾಸರಿ ಯಾಕೆ? ನನ್ನ ಸಿಮ್ಯುಲೇಷನ್‌ನಲ್ಲಿ ಒಂದೊಂದು ಸಲ ಪ್ರಾಮಾಣಿಕರಿಗೆ ತುಂಬ ತಡ ಆಗುತ್ತೆ. ಆಗ ಮೋಸಗಾರನಿಗೆ ಜಾಸ್ತಿ ಹೊತ್ತು ಸಿಗುತ್ತೆ."

ಇದ್ದದ್ದು ಅಲ್ಲೇ. ಮೋಸಗಾರ ಗೆಲ್ಲುವುದು ಅಪರೂಪಕ್ಕೆ, ಮತ್ತು ಅಂಥ ಅಪರೂಪದ ಗೆಲುವುಗಳಲ್ಲಿ ದೊಡ್ಡ ಪಾಲು ಪ್ರಾಮಾಣಿಕರಿಗೆ ತಡವಾದ ಗಳಿಗೆಗಳಲ್ಲೇ ಬರುತ್ತದೆ. ಸರಾಸರಿ ಹಿಡಿದ ಕೂಡಲೇ ಆ ಗಳಿಗೆಗಳು ಲೆಕ್ಕದಿಂದ ಅಳಿಸಿಹೋಗುತ್ತವೆ. ಸರಾಸರಿಯ ಊಹೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಪಾಯ್ಸಾನ್ ಇರುವ ಜಾಗಕ್ಕೆ, ಪ್ರಾಮಾಣಿಕರದು ಐದು ಆಗುವಷ್ಟರಲ್ಲಿ ಮೋಸಗಾರನದು ಎಷ್ಟಾಗಿರಬಹುದೆಂದು ಎಣಿಸುವ ಋಣ ದ್ವಿಪದ ವಿತರಣೆ ಬರುತ್ತದೆ, ಉತ್ತರ 0.00178 ಆಗುತ್ತದೆ. ಹೆಚ್ಚುಕಡಿಮೆ ಎರಡು ಪಟ್ಟು. ಅಪಾಯ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕಾದರೆ ಐದು ಬ್ಲಾಕ್ ಸಾಲದು, ಆರು ಬೇಕು.

ಈ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಇದರಲ್ಲಿ ಬೇಕಾದ ಗಣಿತವೆಲ್ಲ ನಿಮಗೆ ಆಗಲೇ ಬರುತ್ತದೆ. ಯಂತ್ರ ಅಂದರೆ ಒಂದು ಸಾಧಾರಣ ಲ್ಯಾಪ್‌ಟಾಪ್. ಬೇಕಾದ ಧೈರ್ಯ ಮಾತ್ರ ಬೇರೆ ಥರದ್ದು: ಅಚ್ಚಾದ ಅಂಕಿಗೂ ನನ್ನ ಅಂಕಿಗೂ ಜಗಳ ಬಂದಾಗ, ನನ್ನದೇ ತಪ್ಪು ಎಂದು ಮೊದಲು ಹುಡುಕುವುದು, ಸಿಗದಿದ್ದರೆ ಆ ಜಗಳವನ್ನು ಮುಚ್ಚಿಡದೆ ಹಿಡಿದುಕೊಂಡು ಕೂರುವುದು. ಆ ಪೇಪರಿನಲ್ಲಿ ಸಾವಿರಾರು ಜನ ಹಾರಿಸಿಕೊಂಡು ಹೋಗುವ "ಎಂದಿಟ್ಟುಕೊಂಡರೆ" ಎಂಬ ಮಾತಿನ ಮೇಲೆ ಆಕೆಯ ಕಣ್ಣು ನಿಂತದ್ದು ಅದರಿಂದಲೇ. ಇನ್ನೊಂದು ವಿಷಯ ಗಮನಿಸಿ. ಸಾವಿರ ಸಲಕ್ಕೇ ನಿಲ್ಲಿಸಿದ್ದರೆ ಆಕೆಗೆ ಏನೂ ಕಾಣುತ್ತಿರಲಿಲ್ಲ. ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಅದೃಷ್ಟದ್ದೋ ನಿಜದ್ದೋ ಹೇಳಲು ಬರುವುದಿಲ್ಲ. 914ಕ್ಕೂ 1,800ಕ್ಕೂ ಇರುವ ವ್ಯತ್ಯಾಸ ಅದೃಷ್ಟದ್ದಲ್ಲ.

ಸಂಭವನೀಯತೆಯ ಮಾತಾಯಿತು, ಹ್ಯಾಶ್ ಟೇಬಲ್‌ಗೆ ಬರೋಣ. ಮಾಹಿತಿಯನ್ನು ಬೇಗ ಹುಡುಕಿ ತೆಗೆಯಲು ಬರುವ ಹಾಗೆ ಜಾಗ ಗೊತ್ತುಮಾಡಿ ಇಡುವ ವ್ಯವಸ್ಥೆ ಅದು. ಡೇಟಾ ಸ್ಟ್ರಕ್ಚರ್ಸ್ ತರಗತಿಯಲ್ಲಿ ಅದು ಮುಗಿದುಹೋದ ವಿಷಯ ಎಂಬಂತೆ ನಾವು ಪಾಠ ಮಾಡುತ್ತೇವೆ. ಟೇಬಲ್ ತುಂಬುತ್ತಾ ಬಂದ ಹಾಗೆ ಖಾಲಿ ಜಾಗ ಹುಡುಕುವುದು ಕಷ್ಟವಾಗುತ್ತದೆ. ಶೇಕಡ 99 ತುಂಬಿದ್ದರೆ ನೂರರಲ್ಲಿ ಒಂದೇ ಜಾಗ ಖಾಲಿ, ಹಾಗಾಗಿ ಸುಮಾರು ನೂರು ಕಡೆ ಇಣುಕಬೇಕಾದೀತು. ಒಮ್ಮೆ ಇಟ್ಟದ್ದನ್ನು ಕದಲಿಸದೆ, ಮೊದಲು ಸಿಕ್ಕ ಖಾಲಿ ಜಾಗಕ್ಕೇ ಹಾಕುವ ವಿಧಾನಗಳಲ್ಲಿ ಇದಕ್ಕಿಂತ ಒಳ್ಳೆಯದು ಸಾಧ್ಯವಿಲ್ಲ ಎಂಬ ಅರ್ಥದ ಊಹೆಯನ್ನು ಆಂಡ್ರೂ ಯಾವೋ 1985ರಲ್ಲಿ ಮುಂದಿಟ್ಟರು. ಅವರು ಮುಂದೆ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ನಲವತ್ತು ವರ್ಷ ಅದು ಹಾಗೇ ನಿಂತಿತ್ತು.

2021ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದ ಆಂಡ್ರೂ ಕ್ರಾಪಿವಿನ್ ಅವರ ಕಣ್ಣಿಗೆ ಪುಟ್ಟ ಪಾಯಿಂಟರ್‌ಗಳ (ಮಾಹಿತಿ ಇರುವ ಜಾಗವನ್ನು ತೋರಿಸುವ ವಿಳಾಸಗಳ) ಬಗ್ಗೆ ಬರೆದ ಒಂದು ಪೇಪರ್ ಬಿತ್ತು. ಪಾಯಿಂಟರ್‌ಗಳನ್ನು ಇನ್ನೂ ಚಿಕ್ಕದು ಮಾಡಬಹುದೇ ಎಂದು ನೋಡುತ್ತಾ ಅವರಿಗೆ ಒಂದು ಹೊಸ ಬಗೆಯ ಹ್ಯಾಶ್ ಟೇಬಲ್ ಸಿಕ್ಕಿತು. ಆ ಪೇಪರಿನ ಲೇಖಕರಲ್ಲೊಬ್ಬರಾದ ಮಾರ್ಟಿನ್ ಫರಾಕ್-ಕೋಲ್ಟನ್ ಮತ್ತು ವಿಲಿಯಂ ಕುಷ್ಮಾಲ್ ಜೊತೆ ಸೇರಿ ಅವರು 2025ರ ಜನವರಿಯಲ್ಲಿ ಪ್ರಕಟಿಸಿದ ಪೇಪರ್ ಯಾವೋ ಅವರ ಊಹೆಯನ್ನು ಸುಳ್ಳೆಂದು ಸಾಧಿಸಿತು. ಟೇಬಲಿನಲ್ಲಿ x ಪಾಲಿಗೆ ಒಂದು ಪಾಲು ಮಾತ್ರ ಖಾಲಿ ಇದ್ದರೆ, ಹುಡುಕಾಟ xಗೆ ತಕ್ಕಂತೆ ಬೆಳೆಯಬೇಕಿಲ್ಲ, xನ ಲಾಗರಿದಮ್ಮಿನ ವರ್ಗಕ್ಕೆ ತಕ್ಕಂತೆ ಬೆಳೆದರೆ ಸಾಕು. ಕೆಲಸ ಮಾಡುವಾಗ ಕ್ರಾಪಿವಿನ್‌ಗೆ ಯಾವೋ ಅವರ ಊಹೆ ಗೊತ್ತೇ ಇರಲಿಲ್ಲ.

ಈ ಕೊನೆಯ ಮಾತನ್ನು ಕೇಳಿ ಕೆಲವರು, ನೋಡಿ, ಓದದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಒಂದು ಪೇಪರನ್ನು ಎಷ್ಟು ಆಳವಾಗಿ ಓದಿದ್ದರೆಂದರೆ, ಅದನ್ನು ಬರೆದವರು ನಿಲ್ಲಿಸಿದ ಜಾಗದಿಂದ ಮುಂದೆ ಹೋಗಲು ಬಂತು. ಹತ್ತು ಪೇಪರಿನ ಸಾರಾಂಶ ಓದಿದವರಿಗೆ ಅದು ಆಗುವುದಿಲ್ಲ.

ಕ್ವಾಂಟಂ ಬಗ್ಗೆ ಕೇಳುವವರಿಗೆ ನಾನು ಯಾವಾಗಲೂ ಎವಿನ್ ಟಾಂಗ್ ಅವರ ಕೆಲಸ ತೋರಿಸುತ್ತೇನೆ. 2016ರಲ್ಲಿ ಅಯೋರ್ಡಾನಿಸ್ ಕೆರೆನಿಡಿಸ್ ಮತ್ತು ಅನುಪಮ್ ಪ್ರಕಾಶ್ ಎಂಬಿಬ್ಬರು, ಗ್ರಾಹಕರಿಗೆ ಇಷ್ಟವಾಗಬಹುದಾದ ವಸ್ತುಗಳನ್ನು ಸೂಚಿಸುವ ಸಮಸ್ಯೆಗೆ ಒಂದು ಕ್ವಾಂಟಂ ಅಲ್ಗಾರಿದಮ್ ಕೊಟ್ಟರು. ಆಗ ಗೊತ್ತಿದ್ದ ಯಾವುದೇ ಸಾಮಾನ್ಯ ಅಲ್ಗಾರಿದಮ್‌ಗಿಂತ ಅದು ಬಹುಪಟ್ಟು ವೇಗ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದ ಟಾಂಗ್‌ಗೆ ಮಾರ್ಗದರ್ಶಕರಾದ ಸ್ಕಾಟ್ ಆರನ್ಸನ್ ಕೊಟ್ಟ ಕೆಲಸ, ಇಷ್ಟು ವೇಗ ಸಾಮಾನ್ಯ ಕಂಪ್ಯೂಟರಿಗೆ ಸಾಧ್ಯವೇ ಇಲ್ಲ ಎಂದು ಸಾಧಿಸುವುದು. ಟಾಂಗ್ ಪ್ರಯತ್ನಿಸಿದರು. ಎಷ್ಟು ತಿಣುಕಿದರೂ ಪುರಾವೆ ಕೈಗೂಡಲಿಲ್ಲ. ಕೊನೆಗೆ, ಸಾಧ್ಯವಿಲ್ಲ ಎನ್ನುವುದೇ ಸುಳ್ಳಿರಬಹುದೇ ಎಂದು ತಿರುಗಿ ನೋಡಿದರು. 2018ರಲ್ಲಿ, 18ರ ವಯಸ್ಸಿನಲ್ಲಿ, ಸಾಮಾನ್ಯ ಕಂಪ್ಯೂಟರಿನಲ್ಲೇ ಆ ಕೆಲಸ ವೇಗವಾಗಿ ಮಾಡುವ ಅಲ್ಗಾರಿದಮ್ ಕೊಟ್ಟರು. ಅದರ ಒಳಗಿನ ಒಂದು ಮುಖ್ಯ ಉಪಾಯ, ಮ್ಯಾಟ್ರಿಕ್ಸಿನ ಸಾಲುಗಳನ್ನು ಅವುಗಳ ಉದ್ದದ ವರ್ಗಕ್ಕೆ ತಕ್ಕಂತೆ ಆಯ್ದುಕೊಳ್ಳುವುದು, ಫ್ರೀಜ್, ಕಣ್ಣನ್ ಮತ್ತು ವೆಂಪಲ ಅವರ 1998ರ ಕೆಲಸದಿಂದ ಬಂದದ್ದು. ಮತ್ತೆ ಹಳೆಯ ಲೀನಿಯರ್ ಆಲ್ಜಿಬ್ರಾ.

ಇದೇ ಸಾಲಿಗೆ ಇನ್ನೊಂದು. ಕ್ವಾಂಟಂ ಕಂಪ್ಯೂಟರಿಗೂ ಮುರಿಯಲಾಗದ ಗೂಢಲಿಪಿ ಆಗಬಹುದೆಂದು ಪರಿಶೀಲನೆಯಲ್ಲಿದ್ದ ಸೈಕ್ ಎಂಬ ವಿಧಾನವನ್ನು 2022ರಲ್ಲಿ ವೌಟರ್ ಕಾಸ್ಟ್ರಿಕ್ ಮತ್ತು ಥಾಮಸ್ ಡೆಕ್ರು ಸಾಮಾನ್ಯ ಪ್ರೊಸೆಸರಿನ ಒಂದೇ ಕೋರ್ ಬಳಸಿ ಸುಮಾರು ಒಂದು ಗಂಟೆಯಲ್ಲಿ ಮುರಿದರು. ಅವರ ಕೈಯಲ್ಲಿದ್ದ ಬೀಗದ ಕೈ 1997ರ ಒಂದು ಶುದ್ಧ ಗಣಿತದ ಪ್ರಮೇಯ.

ಇನ್ನು ಕೃತಕ ಬುದ್ಧಿಮತ್ತೆ. ಪದವಿ ಪ್ರಾಜೆಕ್ಟುಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ವಿಷಯ ಒಂದಿದೆ, ಎಲೆಯ ಚಿತ್ರ ನೋಡಿ ಗಿಡದ ರೋಗ ಗುರುತಿಸುವುದು. ಒಳ್ಳೆಯ ಉದ್ದೇಶದ ಕೆಲಸ. ಇದಕ್ಕೆ ಬಹಳ ಜನ ಬಳಸುವುದು ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹ. ಅದನ್ನಿಟ್ಟುಕೊಂಡು 2016ರಲ್ಲಿ ಬಂದ ಪೇಪರಿನಲ್ಲಿ 54,306 ಚಿತ್ರ, 38 ವರ್ಗ, ನಿಖರತೆ ಶೇಕಡ 99.35. ಆ ಅಂಕಿಯನ್ನೇ ಪ್ರಾಜೆಕ್ಟ್ ವರದಿಗಳಲ್ಲಿ ಎಲ್ಲರೂ ಎತ್ತಿ ಬರೆಯುತ್ತಾರೆ. ಅದೇ ಪೇಪರಿನ ಲೇಖಕರು ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಬರೆದಿದ್ದಾರೆ. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳ ಮೇಲೆ ಪರೀಕ್ಷಿಸಿದಾಗ ನಿಖರತೆ ಶೇಕಡ 31ರ ಆಸುಪಾಸಿಗೆ ಇಳಿಯಿತು. ಆ ಅಂಕಿಯನ್ನು ಯಾರೂ ಎತ್ತಿ ಬರೆಯುವುದಿಲ್ಲ.

ಯಾಕೆ ಇಳಿಯಿತು? 2022ರಲ್ಲಿ ಮೆಹ್ಮೆತ್ ಅಲಿಜಾನ್ ನೋಯಾನ್ ಎಂಬುವರು ಒಂದು ಸರಳ ಪ್ರಯೋಗ ಮಾಡಿದರು. ಎಲೆಯನ್ನು ಪೂರ್ತಿ ಬಿಟ್ಟು, ಪ್ರತಿ ಚಿತ್ರದ ಹಿನ್ನೆಲೆಯಿಂದ ಬರೀ 8 ಪಿಕ್ಸೆಲ್ ತೆಗೆದುಕೊಂಡರು. ಆ ಎಂಟು ಚುಕ್ಕೆಗಳ ಬಣ್ಣ ಮಾತ್ರ ಕೊಟ್ಟು ಮಾದರಿಗೆ ಕಲಿಸಿದರು. ಸುಮ್ಮನೆ ಊಹಿಸಿದರೆ ಶೇಕಡ 2.6 ಸರಿಯಾಗುತ್ತದೆ. ಎಂಟು ಚುಕ್ಕೆ ನೋಡಿದ ಮಾದರಿ ಶೇಕಡ 49 ಸರಿ ಹೇಳಿತು. ಎಲೆ ಇಲ್ಲ, ರೋಗದ ಕಲೆ ಇಲ್ಲ, ಹಿಂದಿನ ಮೇಜಿನ ಬಣ್ಣ ಮತ್ತು ಅವತ್ತಿನ ಬೆಳಕು ಅಷ್ಟೇ. ಒಂದೊಂದು ವರ್ಗದ ಚಿತ್ರಗಳನ್ನು ಒಂದೊಂದು ಸಂದರ್ಭದಲ್ಲಿ ತೆಗೆದಿದ್ದರೆ, ಆ ಸಂದರ್ಭದ ಗುರುತು ಹಿನ್ನೆಲೆಯಲ್ಲಿ ಉಳಿದುಬಿಡುತ್ತದೆ. ಯಂತ್ರ ರೋಗವನ್ನು ಕಲಿಯುವುದಕ್ಕಿಂತ ಸುಲಭವಾಗಿ ಅದನ್ನು ಕಲಿಯುತ್ತದೆ.

ಈ ಪ್ರಯೋಗ ನನ್ನನ್ನು ಬಹಳ ಕಾಡಿತು. ಅದರ ಹಿಂದಿನ ವರ್ಷಗಳಲ್ಲಿ ನಾನೇ ಅಂಥ ಪ್ರಾಜೆಕ್ಟುಗಳಿಗೆ ಒಳ್ಳೆಯ ಅಂಕ ಕೊಟ್ಟಿದ್ದೆ, ಹಿನ್ನೆಲೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಎಂಟು ಚುಕ್ಕೆಗಳ ಪ್ರಯೋಗ ಮಾಡಲು ದೊಡ್ಡ ಯಂತ್ರ ಬೇಡ, ಹೊಸ ಅಲ್ಗಾರಿದಮ್ ಬೇಡ. ಆ ಪ್ರಶ್ನೆ ನನಗಾಗಲಿ ನನ್ನ ವಿದ್ಯಾರ್ಥಿಗಳಿಗಾಗಲಿ ಹೊಳೆಯಬಹುದಿತ್ತು. ಅದಕ್ಕೇ ಈಗ ಯಾರಾದರೂ ಶೇಕಡ 98, 99 ಅಂತ ವರದಿ ತಂದರೆ ನಾನು ಮೊದಲು ಹೇಳುವುದು, ಇನ್ನೂರು ಚಿತ್ರ ಬಿಡಿಸಿ ಒಂದೊಂದನ್ನೂ ಕಣ್ಣಾರೆ ನೋಡು. ತಪ್ಪು ಲೇಬಲ್ ಇರುವುದು, ಒಂದೇ ಚಿತ್ರ ಕಲಿಸುವ ಗುಂಪಿಗೂ ಪರೀಕ್ಷಿಸುವ ಗುಂಪಿಗೂ ಸೇರಿರುವುದು, ಮೂಲೆಯಲ್ಲಿ ಅಳತೆಪಟ್ಟಿ ಇಣುಕುತ್ತಿರುವುದು, ಎಲ್ಲ ಆಗ ಕಾಣುತ್ತದೆ. ಆಮೇಲೆ ಕೇಳುವುದು, ಈ ಯಂತ್ರ ಸರಿ ಉತ್ತರವನ್ನು ತಪ್ಪು ಕಾರಣಕ್ಕೆ ಹೇಳುತ್ತಿದ್ದರೆ ಅದನ್ನು ಹಿಡಿಯಲು ನೀನು ಯಾವ ಪ್ರಯೋಗ ಮಾಡುತ್ತೀಯ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಒಂದು ಸೆಮಿಸ್ಟರಿನ ಒಳ್ಳೆಯ ಪ್ರಾಜೆಕ್ಟ್. ಮಾದರಿ ಕಟ್ಟುವುದಕ್ಕಿಂತ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ಓದುವ ಕ್ರಮದ ಬಗ್ಗೆ ಸ್ವಲ್ಪ. ಎಸ್. ಕೇಶವ್ 2007ರಲ್ಲಿ ಪೇಪರ್ ಓದುವುದು ಹೇಗೆ ಎಂದು ಎರಡೇ ಪುಟದಲ್ಲಿ ಬರೆದರು. ಮೂರು ಸುತ್ತು ಓದಬೇಕು ಅನ್ನುತ್ತಾರೆ ಅವರು. ಮೊದಲ ಸುತ್ತಿಗೆ ಐದು ಹತ್ತು ನಿಮಿಷ: ಶೀರ್ಷಿಕೆ, ಸಾರಾಂಶ, ಉಪಶೀರ್ಷಿಕೆ, ಕೊನೆಯ ಮಾತು, ಉಲ್ಲೇಖಗಳು. ಎರಡನೆಯದಕ್ಕೆ ಒಂದು ಗಂಟೆಯ ತನಕ: ಚಿತ್ರ, ಪಟ್ಟಿ, ವಾದದ ಸರಣಿ. ಮೂರನೆಯದು ಹೊಸಬರಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಲೇಖಕರ ಊಹೆಗಳನ್ನೇ ಇಟ್ಟುಕೊಂಡು ಅವರ ಕೆಲಸವನ್ನು ಮನಸ್ಸಿನಲ್ಲೇ ಮತ್ತೆ ಕಟ್ಟುವ ಸುತ್ತು ಅದು. ಎಲ್ಲ ಪೇಪರನ್ನೂ ಮೂರು ಸುತ್ತು ಓದಲು ಯಾರಿಂದಲೂ ಆಗದು. ಪದವಿಯ ಒಂದು ವರ್ಷದಲ್ಲಿ ಎರಡೋ ಮೂರೋ ಪೇಪರ್ ಮೂರನೇ ಸುತ್ತಿಗೆ ತಲುಪಿದರೆ ಬಹಳವಾಯಿತು. ಇದಕ್ಕೆ ನನ್ನದೊಂದು ಸೇರಿಕೆ: ಪೆನ್ನು ಹಿಡಿದು, "ಎಂದಿಟ್ಟುಕೊಂಡರೆ", "ಸಾಮಾನ್ಯವಾಗಿ", "ಸುಲಭವಾಗಿ ತೋರಿಸಬಹುದು" ಎಂಬಂಥ ಮಾತು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಗೆರೆ ಎಳೆಯಿರಿ. ವಿದ್ಯಾರ್ಥಿಯ ಸಂಶೋಧನೆಗೆ ಜಾಗ ಇರುವುದು ಆ ಗೆರೆಗಳ ಕೆಳಗೆ.

ಹೊಸ ಕ್ಷೇತ್ರದಲ್ಲಿ ನೀವು ಓದುವುದರಲ್ಲಿ ಹೆಚ್ಚಿನದು ಆರ್ಕೈವ್ (arXiv) ಎಂಬ ಅಂತರಜಾಲ ತಾಣದಲ್ಲಿ ಸಿಗುತ್ತದೆ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರುಮಾಡಿದ ಈ ಸಂಗ್ರಹ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರ, ಎಲ್ಲವೂ ಉಚಿತ. ಆದರೆ ಅಲ್ಲಿಗೆ ಬಂದದ್ದನ್ನೆಲ್ಲ ಪರಿಣತರು ಪರಿಶೀಲಿಸಿರುವುದಿಲ್ಲ. ಪಿಡಿಎಫ್ ಚೆಂದವಾಗಿದೆ ಅಂದ ಮಾತ್ರಕ್ಕೆ ಒಳಗಿನದು ಸತ್ಯ ಎಂದುಕೊಳ್ಳಬೇಡಿ.

ಪ್ರಯೋಗದ ವಿಷಯದಲ್ಲಿ ಒಂದೇ ಮಾತು, ಅದೂ ಸೀಡ್ ಬಗ್ಗೆ, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಸಂಖ್ಯೆಯ ಬಗ್ಗೆ. ಪೀಟರ್ ಹೆಂಡರ್ಸನ್ ಮತ್ತು ಸಂಗಡಿಗರು 2017ರಲ್ಲಿ ಬಲವರ್ಧನ ಕಲಿಕೆಯ (ಮಾಡಿ ನೋಡಿ, ಸಿಕ್ಕ ಬಹುಮಾನದಿಂದ ಯಂತ್ರ ಕಲಿಯುವ ವಿಧಾನದ) ಬಗ್ಗೆ ಒಂದು ಪರೀಕ್ಷೆ ಮಾಡಿದರು. ಅದೇ ಅಲ್ಗಾರಿದಮ್, ಅದೇ ಸೆಟ್ಟಿಂಗ್, ಹತ್ತು ಬೇರೆ ಬೇರೆ ಸೀಡ್. ಐದೈದರ ಎರಡು ಗುಂಪು ಮಾಡಿ ಸರಾಸರಿ ತೆಗೆದರೆ, ಎರಡು ಗೆರೆಗಳು ಎರಡು ಬೇರೆ ಅಲ್ಗಾರಿದಮ್‌ಗಳೇನೋ ಎಂಬಷ್ಟು ದೂರ ನಿಂತವು. ಹೀಗಿರುವಾಗ ಒಂದೇ ಸಲ ಓಡಿಸಿ ನನ್ನ ವಿಧಾನ ಶೇಕಡ 1 ಉತ್ತಮ ಎಂದು ಬರೆದರೆ ಅದಕ್ಕೆ ಏನು ಬೆಲೆ? ಯಾವ ದಿನ, ಯಾವ ಕೋಡ್, ಯಾವ ಸೀಡ್, ಏನು ಬಂತು, ಏನು ಬರುತ್ತದೆ ಅಂದುಕೊಂಡಿದ್ದೆ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓಡಿಸುವ ಮೊದಲೇ ನಿರೀಕ್ಷೆಯನ್ನು ಬರೆದಿಡುವುದು ಮುಖ್ಯ. ಉತ್ತರ ಬಂದ ಮೇಲೆ ಮನಸ್ಸು, ನಾನು ಇದನ್ನೇ ಅಂದುಕೊಂಡಿದ್ದೆ ಅನ್ನುತ್ತದೆ. 914 ಬರಬೇಕು ಎಂದು ಮೊದಲೇ ಬರೆದಿಟ್ಟದ್ದರಿಂದಲೇ ನಮ್ಮ ವಿದ್ಯಾರ್ಥಿನಿಗೆ 1,800 ಚುಚ್ಚಿತು.

ಮಾತು ಮುಗಿಸಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಕೋಡನ್ನು ಈಗ ಎಐ ಬರೆದುಕೊಡುತ್ತದೆ, ಪೇಪರಿನ ಸಾರಾಂಶವನ್ನೂ ಕೊಡುತ್ತದೆ, ಬಳಸಬಹುದೇ? ಬಳಸಿ. ಅರ್ಥವಾಗದ ಸಾಲನ್ನು ಬಿಡಿಸಿ ಹೇಳಿಸಿಕೊಳ್ಳಿ, ಪ್ಲಾಟ್ ಮಾಡುವ ಕೋಡ್ ಬರೆಸಿಕೊಳ್ಳಿ. ಆದರೆ ನಿಮ್ಮ ಪ್ರಶ್ನೆಯ ಹೃದಯ ಇರುವ ಮೂವತ್ತು ಸಾಲನ್ನು ನೀವೇ ಬರೆಯಿರಿ. ಆ ವಿದ್ಯಾರ್ಥಿನಿ ತನ್ನ ಸಿಮ್ಯುಲೇಷನ್ ತಾನೇ ಬರೆದಿದ್ದರಿಂದಲೇ ಪ್ರಾಮಾಣಿಕರಿಗೆ ಒಂದೊಂದು ಸಲ ತಡವಾಗುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಉಲ್ಲೇಖಗಳನ್ನು ಮಾತ್ರ ಈ ಸಾಧನಗಳಿಂದ ನೇರ ತೆಗೆದುಕೊಳ್ಳಲೇಬೇಡಿ. ಇಲ್ಲದ ಪೇಪರಿಗೆ ಇರುವ ಲೇಖಕರ ಹೆಸರು ಸೇರಿಸಿ ಕೊಡುತ್ತವೆ. ನೀವು ತೆರೆದು ಓದದ ಪೇಪರ್ ನಿಮ್ಮ ಪಟ್ಟಿಯಲ್ಲಿ ಇರಬಾರದು.

ಇನ್ನೊಬ್ಬರ ಪ್ರಶ್ನೆ ಪ್ರಕಟಣೆಯದು. ದುಡ್ಡು ಕಟ್ಟಿದರೆ ಒಂದು ವಾರದಲ್ಲಿ ಪೇಪರ್ ಹಾಕುತ್ತೇವೆ ಎಂಬ ಈಮೇಲ್ ಬಂದಿದೆ, ಕಳಿಸಲೇ? ಕಳಿಸಬೇಡಿ. ಇದನ್ನು ನಾನು ಬೇಸರದಿಂದಲೇ ಹೇಳುತ್ತೇನೆ, ಯಾಕೆಂದರೆ ಅಂಥ ಪ್ರಕಟಣೆಗೆ ಮಕ್ಕಳನ್ನು ತಳ್ಳುವವರು ಎಷ್ಟೋ ಸಲ ಹಿರಿಯರೇ. ಅಲ್ಲಿ ನಿಮ್ಮ ಕೆಲಸವನ್ನು ಯಾರೂ ಓದುವುದಿಲ್ಲ, ತಪ್ಪು ಇದ್ದರೆ ಯಾರೂ ಹೇಳುವುದಿಲ್ಲ. ಕೋಡನ್ನೂ ದತ್ತಾಂಶವನ್ನೂ ಎಲ್ಲರಿಗೂ ಕಾಣುವ ಹಾಗಿಟ್ಟು, ಏನು ಮಾಡಿದೆ, ಏನು ಹೊಂದಲಿಲ್ಲ ಎಂದು ಆರು ಪುಟ ಸ್ಪಷ್ಟವಾಗಿ ಬರೆದ ವರದಿಗೆ ಅದಕ್ಕಿಂತ ಹೆಚ್ಚು ಬೆಲೆ ಇದೆ. ದೊಡ್ಡ ಸಮ್ಮೇಳನಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಪೋಸ್ಟರ್ ವಿಭಾಗಗಳು ಇರುತ್ತವೆ. ಅಲ್ಲಿಗೆ ಕಳಿಸಿ. ತಿರಸ್ಕಾರವಾದರೂ ಪರಿಶೀಲಕರು ಬರೆದ ನಾಲ್ಕು ಸಾಲು ಕೈಗೆ ಬರುತ್ತದೆ, ಅದು ಕಲಿಕೆ.

ಮೂರನೆಯದು, ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗ ಕೇಳಿದ್ದು: "ಮೇಡಂ, ಅಷ್ಟೆಲ್ಲ ಕಷ್ಟಪಟ್ಟು ಕಂಡುಹಿಡಿದ ಮೇಲೆ, ಅದನ್ನು ಯಾರೋ ಆಗಲೇ ಮಾಡಿಬಿಟ್ಟಿದ್ದಾರೆ ಅಂತ ಗೊತ್ತಾದರೆ?"

ಹಾಗೆಯೇ ಆಯಿತು ಎಂದೆ. ಸರಾಸರಿಯ ಊಹೆಯನ್ನು ಬಿಟ್ಟು ಆ ಲೆಕ್ಕವನ್ನು ಸರಿಯಾಗಿ ಮಾಡಿದ ಪೇಪರ್ ಮೆನಿ ರೋಸೆನ್‌ಫೆಲ್ಡ್ ಅವರದು, 2012ರದು. ನನಗೆ ಅದು ಗೊತ್ತಿತ್ತು, ಆ ವಿದ್ಯಾರ್ಥಿನಿ ತಾನಾಗಿ ತಲುಪಲಿ ಎಂದು ಮೊದಲು ಹೇಳಿರಲಿಲ್ಲ. ಹೇಳಿದ ದಿನ ಆಕೆಯ ಮುಖ ಬಾಡಿತು. ರೋಸೆನ್‌ಫೆಲ್ಡ್ ಪಟ್ಟಿಯನ್ನೂ ಆಕೆಯ ಪಟ್ಟಿಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡೆವು. ಮೋಸಗಾರ ಗೆಲ್ಲುವ ಸಂಭವ ಅವರ ಪಟ್ಟಿಯಲ್ಲಿ ಒಂದು ಬ್ಲಾಕಿಗೆ ಶೇಕಡ 20, ಎರಡಕ್ಕೆ 5.6, ಮೂರಕ್ಕೆ 1.71, ನಾಲ್ಕಕ್ಕೆ 0.55, ಐದಕ್ಕೆ 0.18. ಆಕೆಯ ಸಿಮ್ಯುಲೇಷನ್ ಕೊಟ್ಟ ಅಂಕಿಗಳು ಸಾಲು ಸಾಲೂ ಅವುಗಳ ಪಕ್ಕದಲ್ಲೇ ಕೂತಿದ್ದವು. ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತಾ ಇದ್ದಳು. ಆಮೇಲೆ ಪೆನ್ನು ತೆಗೆದುಕೊಂಡು ತನ್ನದೇ ಕೋಡಿನ ಪ್ರಿಂಟಿನ ಮೇಲೆ ಒಂದು ಗೆರೆ ಎಳೆದಳು. "ಮೇಡಂ, ನಾನೂ ಇಲ್ಲಿ ಒಂದು ಅಂದಾಜು ಮಾಡಿದೀನಿ. ಬ್ಲಾಕ್ ಸಿಕ್ಕ ಕ್ಷಣವೇ ಅದು ಎಲ್ಲರಿಗೂ ತಲುಪುತ್ತೆ ಅಂತ ಇಟ್ಟುಕೊಂಡಿದೀನಿ. ತಲುಪೋದಕ್ಕೆ ಹೊತ್ತು ಹಿಡಿದರೆ?"

ಈಗ ಆಕೆ ಅದನ್ನು ಓಡಿಸುತ್ತಿದ್ದಾಳೆ.